ಮೇಲಿನವಳ ಮೂರು ಬಣ್ಣದ ಕೋಣೆಗಳು

ಅವಳ ಸುದ್ದಿ ಮೊದಲು ನನ್ನ ಕಿವಿಗೆ ಬಿದ್ದದ್ದು ಒಂದು ಬುಧವಾರ. ನಾನು ಶಾಲೆಯ ಸಮವಸ್ತ್ರಗಳಿಗೆ ಕಾಜ ಹೊಲಿಯುತ್ತಾ ಕೂತಿದ್ದೆ. ಮನೆ ತೋರಿಸುವ ದಲ್ಲಾಳಿ ಬಂದು ಬಾಗಿಲಲ್ಲೇ ನಿಂತ. ಅವನು ಸೀದಾ ಒಳಗೆ ಬಂದು ಕುರ್ಚಿ ಎಳೆದುಕೊಂಡರೆ ಚಿಂತೆಯಿಲ್ಲ. ಬಾಗಿಲಲ್ಲೇ ನಿಂತನೆಂದರೆ ಏನನ್ನೋ ಬಚ್ಚಿಡುತ್ತಿದ್ದಾನೆ ಎಂದೇ ಲೆಕ್ಕ.

"ಅಮ್ಮಾ, ಮೇಲಿನ ಕೋಣೆಗೆ ಒಬ್ರು ಇದಾರೆ. ಹೆಂಗಸು, ಒಬ್ರೇ. ನಲವತ್ತು ದಾಟಿದೆ. ಕಂಪ್ಯೂಟರ್ ಕೆಲ್ಸ, ಮನೇಲೇ ಕೂತು ಮಾಡ್ತಾರೆ."

"ಕೂತು ಮಾಡೋರಾದ್ರೆ ಒಳ್ಳೇದೇ ಆಯ್ತಲ್ಲಪ್ಪಾ. ಮತ್ಯಾಕೆ ನಿನ್ನ ಮುಖ ಹಾಗಾಗಿದೆ?"

"ಕೂತು ಅಂದ್ನಲ್ಲ, ಅಲ್ಲೇ ಸ್ವಲ್ಪ ತೊಂದ್ರೆ" ಎಂದು ತಲೆ ಕೆರೆದುಕೊಂಡ. "ಅವ್ರು ಎಲ್ಲೂ ಕೂರಲ್ಲ. ಆರು ವರ್ಷದಲ್ಲಿ ನಾನೇ ಅವ್ರಿಗೆ ಏಳು ಮನೆ ತೋರಿಸಿದೀನಿ."

ನನ್ನ ಯಜಮಾನರು ಹೋದ ಮೇಲೆ ಅವರ ತಂಗಿ ನನ್ನ ಜೊತೆಗೇ ಇದ್ದಾಳೆ. ನನ್ನ ಈ ನಾದಿನಿಯ ಕೈ ಎಷ್ಟು ಚುರುಕೋ ಬಾಯಿಯೂ ಅಷ್ಟೇ ಚುರುಕು. ಒಳಗಿನಿಂದಲೇ ಕೂಗಿದಳು: "ನಿನ್ನ ಪಾಲಿಗೆ ಅವ್ರು ಕಾಮಧೇನು ಕಣಯ್ಯಾ. ಬೇಗ ಕರ್ಕೊಂಡು ಬಾ, ಒಂಬತ್ತನೇ ಮನೆ ಹುಡುಕೋ ಯೋಗ ನಿನಗೆ ಬೇಗ ಬರ್ಲಿ!"

ಭಾನುವಾರ ಅವಳು ಬಂದಳು. ಎತ್ತರದ ಹೆಂಗಸು, ಗಂಡುಮಕ್ಕಳ ಹಾಗೆ ಕತ್ತರಿಸಿದ ಕೂದಲು. ಸಾಮಾನೆಂದರೆ ಒಂದು ಮಡಚುವ ಕಂಪ್ಯೂಟರು, ಕಾಗದದ ಮೇಲೆ ಅಚ್ಚು ಹಾಕುವ ಒಂದು ಪ್ರಿಂಟರು, ದಪ್ಪ ಕ್ಯಾನ್ವಾಸಿನ ಒಂದು ಜಿಪ್ಪಿನ ಚೀಲ. ಅಷ್ಟೇ. ಚೀಲವನ್ನು ಮೆಟ್ಟಿಲ ತುದಿಯಲ್ಲಿ ಬಾಗಿಲ ಪಕ್ಕ ಇಟ್ಟವಳು ಅದನ್ನು ಪೂರ್ತಿ ಬಿಚ್ಚಲೇ ಇಲ್ಲ. ಬೇಕಾದ ಬಟ್ಟೆಯನ್ನು ಅದರಿಂದಲೇ ತೆಗೆಯುವುದು, ಒಗೆದು ಒಣಗಿದ್ದನ್ನು ಅದಕ್ಕೇ ತುಂಬುವುದು. ಗೋಡೆಯ ಬೀರು ಖಾಲಿಯೇ ಉಳಿಯಿತು. ನಾವಿಬ್ಬರೂ ಅವಳನ್ನು ಮೇಲಿನವಳು ಎಂದೇ ಕರೆದುಕೊಂಡೆವು. ಅವಳು ನನ್ನನ್ನು ಅಮ್ಮ ಎಂದಳು, ನಾದಿನಿಯನ್ನು ಚಿಕ್ಕಮ್ಮ ಎಂದಳು.

ಮರುದಿನದಿಂದ ಶುರುವಾಯಿತು ನೋಡಿ ನಡಿಗೆ. ನನ್ನ ಹೊಲಿಗೆ ಯಂತ್ರ ಇರುವ ಮುಂದಿನ ಕೋಣೆಯ ನೆತ್ತಿಯ ಮೇಲೇ ಅವಳ ಕೋಣೆ. ಕಿಟಕಿಯಿಂದ ಬಾಗಿಲಿಗೆ ಒಂಬತ್ತು ಹೆಜ್ಜೆ, ಬಾಗಿಲಿಂದ ಕಿಟಕಿಗೆ ಒಂಬತ್ತು ಹೆಜ್ಜೆ. ನಡುವೆ ಟಕಟಕ ಎಂದು ಏನೋ ಬಡಿಯುವುದು, ಮತ್ತೆ ಒಂಬತ್ತು. ನಮ್ಮ ಫ್ಯಾನು ಅಲ್ಲಾಡುತ್ತಿತ್ತು. ನನ್ನ ಕಾಲು ಅವಳ ಹೆಜ್ಜೆಗೆ ತಕ್ಕಂತೆ ಪೆಡಲು ತುಳಿಯಲು ಹೋಗಿ ಹೊಲಿಗೆ ಎರಡೆರಡು ಸಲ ಸೊಟ್ಟಗಾಯಿತು.

"ಅತ್ತಿಗೇ, ಮೇಲೆ ಕುದುರೆ ಕಟ್ಟಿದೀಯೋ, ಬಾಡಿಗೆಗೆ ಕೊಟ್ಟಿದೀಯೋ?" ಎಂದಳು ನಾದಿನಿ.

ನಾಲ್ಕನೇ ದಿನ ತಡೆಯಲಾಗದೆ ಎರಡು ಲೋಟ ಚಹಾ ಹಿಡಿದು ಮೇಲೆ ಹತ್ತಿದೆ. ಅವಳು ಕಂಪ್ಯೂಟರನ್ನು ಗೋಡೆಯ ಗೂಡಿನ ಮೇಲೆ ಎದೆಯೆತ್ತರಕ್ಕೆ ಇಟ್ಟುಕೊಂಡು ನಿಂತೇ ಬಡಿಯುತ್ತಿದ್ದಳು. ನಾನು ಕೊಟ್ಟಿದ್ದ ಕುರ್ಚಿಯ ಮೇಲೆ ಪ್ರಿಂಟರು ಕೂತಿತ್ತು.

"ಏನಮ್ಮಾ ಅಷ್ಟು ಓಡಾಟ? ಯಾರಾದ್ರೂ ಬರೋರಿದಾರಾ?"

ಅವಳು ನಕ್ಕಳು. "ಶಬ್ದ ಆಗ್ತಿದೆಯಾ ಅಮ್ಮ? ಮೂರು ಜನಕ್ಕೆ ಒಂದೇ ಮನೇಲಿ ಜಗಳ ಬರದ ಹಾಗೆ ಜಾಗ ಮಾಡ್ತಿದೀನಿ."

ಆಮೇಲೆ ಚಹಾ ಆರುವವರೆಗೆ, ನಡೆಯುತ್ತಲೇ ವಿವರಿಸಿದಳು. ಅಂತರ್ಜಾಲದಲ್ಲಿ ಜನ ತೆರೆದು ನೋಡುವ ಪುಟಗಳಿವೆಯಲ್ಲ, ಅವನ್ನು ಯಾರೂ ಬುಡದಿಂದ ಕಟ್ಟುವುದಿಲ್ಲವಂತೆ. ಫ್ರೇಮ್‌ವರ್ಕ್ ಎಂಬ ಸಿದ್ಧ ಚೌಕಟ್ಟು ಒಂದನ್ನು ತಂದು ಅದರ ಮೇಲೆ ಕಟ್ಟುತ್ತಾರೆ. ಚೌಕಟ್ಟು ಮಾಡುವವರು ಎರಡು ವರ್ಷಕ್ಕೊಮ್ಮೆ ಹೊಸದನ್ನು ತರುತ್ತಾರೆ. ಹೆಸರು ಅದೇ, ಅಳತೆ ಬೇರೆ. ಎರಡನೆಯದರ ಮೇಲೆ ಕಟ್ಟಿದ ಪುಟ ನಾಲ್ಕನೆಯದರ ಮೇಲೆ ನಿಲ್ಲುವುದಿಲ್ಲ. ಹೊಸದಾಗಿ ಓದಿ ಬಂದವರು ಹಳೆಯದನ್ನು ಮುಟ್ಟುವುದಿಲ್ಲ. ಇವಳದು ಅಂಥ ಹಳೆಯ ಪುಟಗಳ ರಿಪೇರಿ. ಒಂದು ಬಣ್ಣದಂಗಡಿಯದು, ಒಂದು ಸಂಗೀತ ಶಾಲೆಯದು, ಇನ್ನೊಂದು ಮೂತ್ರಪಿಂಡ ಕೆಟ್ಟವರಿಗೆ ಯಂತ್ರದಲ್ಲಿ ರಕ್ತ ಶುದ್ಧಿ ಮಾಡುವ ಡಯಾಲಿಸಿಸ್ ಕೇಂದ್ರದ್ದು. ಮೂರಕ್ಕೂ ಮೂರು ಕಾಲದ ಚೌಕಟ್ಟು. ಮೂರೂ ಈ ಒಂದೇ ಕಂಪ್ಯೂಟರಿನಲ್ಲಿ ಬದುಕಬೇಕು.

"ಮೂರು ಕಂಪ್ಯೂಟರ್ ಇಟ್ಕೊಂಡ್ರೆ ಆಗಲ್ವಾ?"

"ಮೂರನ್ನೂ ಹೊತ್ಕೊಂಡು ಮನೆ ಬದಲಾಯಿಸೋದು ಯಾರಮ್ಮ?"

ಬಂದು ನಾಲ್ಕು ದಿನವಾಗಿಲ್ಲ, ಹೋಗುವ ಮಾತು! ಆದರೆ ಅವಳ ಕೆಲಸ ನನಗೆ ಚೆನ್ನಾಗಿಯೇ ಅರ್ಥವಾಗಿತ್ತು. ಅವಳನ್ನು ಕೆಳಗೆ ಕರೆತಂದು ಗೋಡೆಗೆ ತೂಗುಹಾಕಿದ್ದ ನನ್ನ ಕಾಗದದ ಚೀಲಗಳನ್ನು ತೋರಿಸಿದೆ. ಹಳೆಯ ಗಿರಾಕಿಗಳ ಅಂಗಿಯ ಅಳತೆಗೆ ಕತ್ತರಿಸಿದ ಕಾಗದಗಳು ಅವು. ಅಂಚೆ ಕಚೇರಿಯ ಒಬ್ಬ ಗುಮಾಸ್ತರದೇ ಮೂರಿದ್ದವು: ಮದುವೆಗೆ ಮುಂಚಿನದು, ಮದುವೆಯ ನಂತರದ್ದು, ಸಕ್ಕರೆ ಕಾಯಿಲೆ ಬಂದು ಮೈ ಇಳಿದ ಮೇಲಿನದು. ಮನುಷ್ಯ ಒಬ್ಬನೇ. ಒಂದರ ತೋಳು ಇನ್ನೊಂದರ ಎದೆಗೆ ಕೂಡಿಸಿದರೆ ಅಂಗಿ ಕೆಟ್ಟಿತು. ಅದಕ್ಕೇ ಒಂದಕ್ಕೆ ಕೆಂಪು ದಾರ, ಒಂದಕ್ಕೆ ನೀಲಿ, ಒಂದಕ್ಕೆ ಹಸಿರು ಕಟ್ಟಿದ್ದೆ.

ಅವಳು ಅವತ್ತು ಮೊದಲ ಸಲ ಒಂದು ಕಡೆ ನಿಂತಳು. ಆ ದಾರಗಳನ್ನು ಮುಟ್ಟಿ ಮುಟ್ಟಿ ನೋಡಿದಳು.

"ನಾನೂ ಒಂದೊಂದಕ್ಕೂ ಒಂದೊಂದು ಕೋಣೆ ಮಾಡಿಟ್ಟಿದೀನಿ ಅಮ್ಮ. ಒಂದರ ಸಾಮಾನು ಇನ್ನೊಂದಕ್ಕೆ ಸೇರಲ್ಲ. ಆದ್ರೆ ನೋಡೋಕೆ ಮೂರೂ ಒಂದೇ ಥರ, ಕಪ್ಪು ಪರದೆ. ಎಷ್ಟೋ ಸಲ ಯಾವ ಕೋಣೇಲಿ ನಿಂತಿದೀನಿ ಅಂತಾನೇ ಮರೀತೀನಿ."

"ಓಡಾಡ್ತಾ ಇದ್ರೆ ಮರೀದೆ ಇನ್ನೇನು?" ಎಂದಳು ನಾದಿನಿ.

ಸಂಜೆಯೊಳಗೆ ಅವಳ ಪರದೆಯಲ್ಲಿ ಕೆಂಪು, ನೀಲಿ, ಹಸಿರು ಬಂದಿದ್ದವು. ಕೆಂಪು ಎಲ್ಲಕ್ಕಿಂತ ಹಳೆಯ ಚೌಕಟ್ಟಿಗೆ, ಡಯಾಲಿಸಿಸ್ ಕೇಂದ್ರದ್ದು ಅದೇ. ನೀಲಿ ಸಂಗೀತ ಶಾಲೆಗೆ. ಹಸಿರು ಎಲ್ಲಕ್ಕಿಂತ ಹೊಸತು, ಬಣ್ಣದಂಗಡಿಗೆ. ನನ್ನನ್ನು ಮೇಲೆ ಕರೆದು ತೋರಿಸಿದಳು. ಏನೋ ದೊಡ್ಡ ಸಹಾಯ ಮಾಡಿದೆನೆಂಬ ಜಂಬ ನನಗೂ ಬಂತು.

ಅಲ್ಲಿಂದ ಕೊಡುಕೊಳ್ಳುವುದು ಬೆಳೆಯಿತು. ಅವಳ ಪ್ರಿಂಟರಿನಿಂದ ದಿನಾ ಒಂದಷ್ಟು ಹಾಳೆ ಹೊರಬೀಳುತ್ತಿದ್ದವು. ಒಂದು ಬದಿ ಅಚ್ಚು, ಇನ್ನೊಂದು ಬದಿ ಖಾಲಿ. "ಬೇಕಾ ಅಮ್ಮ?" ಎಂದು ಕಟ್ಟು ಕಟ್ಟಿ ತಂದು ಹಾಕುತ್ತಿದ್ದಳು. ನಾನು ನಾಲ್ಕು ನಾಲ್ಕು ಹಾಳೆ ಸೇರಿಸಿ ಅಂಟಿಸಿ ಮಕ್ಕಳ ಅಂಗಿಯ ಅಳತೆ ಕತ್ತರಿಸುತ್ತಿದ್ದೆ. ಅಂಗಡಿಯ ಕಂದು ಕಾಗದಕ್ಕಿಂತ ಗಟ್ಟಿಯಾಗಿ ನಿಲ್ಲುತ್ತಿತ್ತು.

ಹೀಗೆ ಎಂಟು ತಿಂಗಳು ಕಳೆಯಿತು. ದಲ್ಲಾಳಿ ದಾರಿಯಲ್ಲಿ ಸಿಕ್ಕಾಗಲೆಲ್ಲ "ಇನ್ನೂ ಇದಾರಾ?" ಎಂದು ಬೆರಗಿನಿಂದ ಕೇಳುತ್ತಿದ್ದ. ಅವಳು ಮನೆ ಬಿಡುವುದು ಯಾಕೆಂದು ನನಗೆ ತಿಳಿದದ್ದು ಆಗಲೇ. ಒಮ್ಮೆ ಅವಳೇ ಹೇಳಿದ್ದಳು, ನನ್ನ ಗುಂಡಿಗಳ ಡಬ್ಬ ಅಲ್ಲಾಡಿಸುತ್ತಾ: "ಕೆಲ್ಸದಲ್ಲಿ ದೊಡ್ಡ ತಪ್ಪು ಮಾಡಿದ್ರೆ ಆ ಬೀದೀಲಿ, ಆ ಮನೇಲಿ ನನಗೆ ಉಸಿರಾಡೋಕಾಗಲ್ಲ ಅಮ್ಮ. ಫೋನ್ ಆರಿಸಿ ಹೊರಟುಬಿಡ್ತೀನಿ. ಆಮೇಲೆ ಬೇರೆ ಕೆಲ್ಸ, ಬೇರೆ ಜನ."

"ತಪ್ಪು ಯಾರು ಸರಿ ಮಾಡ್ತಾರೆ?"

"ಯಾರೋ ಮಾಡ್ತಾರೆ" ಎಂದವಳು ಡಬ್ಬ ಇಟ್ಟು ಮೇಲೆ ಹೋಗಿಬಿಟ್ಟಳು. ಅವತ್ತು ಸಂಜೆಯವರೆಗೂ ಒಂಬತ್ತು ಹೆಜ್ಜೆ ನಿಲ್ಲಲಿಲ್ಲ.

ಆಮೇಲೆ ಡಯಾಲಿಸಿಸ್ ಕೇಂದ್ರದಿಂದ ಒತ್ತಾಯ ಬಂತು. ಅವರ ಹಳೆಯ ಚೌಕಟ್ಟನ್ನು ಇನ್ನು ಎರಡು ತಿಂಗಳ ಮೇಲೆ ಯಾರೂ ನಡೆಸಿಕೊಡುವುದಿಲ್ಲ, ಪುಟವನ್ನು ಹೊಸ ಚೌಕಟ್ಟಿಗೆ ಏರಿಸಬೇಕು. ಆ ಪುಟದಲ್ಲಿದ್ದದ್ದು ಸರದಿ ಪಟ್ಟಿ. ನಲವತ್ತೆರಡು ರೋಗಿಗಳು, ಯಾರು ಯಾವ ದಿನ, ಎಷ್ಟು ಗಂಟೆಗೆ, ಯಾವ ಕುರ್ಚಿ. ಒಂದು ಸರದಿ ತಪ್ಪಿದರೆ ಮೈಯೆಲ್ಲ ಊದಿಕೊಳ್ಳುತ್ತದೆ, ಎರಡು ತಪ್ಪಿದರೆ ಜೀವಕ್ಕೇ ಕುತ್ತು ಎಂದಳು. ಅವಳ ಮುಖ ಅವತ್ತಿನಿಂದಲೇ ಬಿಳಿಚಿಕೊಂಡಿತ್ತು. ಊಟದ ತಟ್ಟೆ ಹಿಡಿದು ನಡೆಯುತ್ತಿದ್ದಳು. ಹಲ್ಲುಜ್ಜುತ್ತಾ ಮೆಟ್ಟಿಲು ಹತ್ತಿ ಇಳಿಯುತ್ತಿದ್ದಳು.

ಕೆಲಸ ಹೀಗಿತ್ತು: ಕೆಂಪು ಕೋಣೆಯಲ್ಲಿ ಹಳೆಯ ಪುಟ, ಹಸಿರು ಕೋಣೆಯಲ್ಲಿ, ಬಣ್ಣದಂಗಡಿಯದರ ಜೊತೆಗೇ, ಹೊಸದಾಗಿ ಕಟ್ಟಿದ ಪುಟ. ಎರಡನ್ನೂ ಒಂದೇ ಕಂಪ್ಯೂಟರಿನಲ್ಲಿ ಅಕ್ಕಪಕ್ಕ ನಡೆಸಿ, ಇದರಲ್ಲಿ ಕಂಡದ್ದು ಅದರಲ್ಲೂ ಕಾಣುತ್ತಿದೆಯೇ ಎಂದು ತಾಳೆ ನೋಡುವುದು. ಶನಿವಾರ ಮಧ್ಯಾಹ್ನ ಕೇಂದ್ರದ ಬಾಗಿಲು ಹಾಕಿದ ಮೇಲೆ ಹಳೆಯ ಪುಟದ ಪಟ್ಟಿಯನ್ನು ನಾಲ್ಕು ಹಾಳೆಗಳಲ್ಲಿ ಅಚ್ಚು ಹಾಕಿ, ಗೀಟು ಹಾಕಿ ಹಾಕಿ ನೋಡಿ, ಸಂಜೆ ಉಳಿದ ಹಾಳೆಗಳ ಜೊತೆ ಅದನ್ನೂ ನನಗೆ ತಂದುಕೊಟ್ಟಳು.

ಭಾನುವಾರ ಹನ್ನೊಂದು ಗಂಟೆಗೆ ನಾನು ಹೊಲಿಯುವುದನ್ನು ಥಟ್ಟನೆ ನಿಲ್ಲಿಸಿದೆ. ಏನಾಯಿತೆಂದು ಮೊದಲು ಗೊತ್ತಾಗಲಿಲ್ಲ. ಆಮೇಲೆ ತಿಳಿಯಿತು: ಮೇಲೆ ಹೆಜ್ಜೆಯ ಸದ್ದಿಲ್ಲ. ನಾದಿನಿಯೂ ಸೂಜಿ ಹಿಡಿದ ಕೈ ಹಾಗೇ ಇಟ್ಟುಕೊಂಡು ಮೇಲೆ ನೋಡುತ್ತಿದ್ದಳು.

"ಕುದುರೆ ನಿಂತೋಯ್ತಲ್ಲೇ ಅತ್ತಿಗೆ!"

ಸ್ವಲ್ಪ ಹೊತ್ತಿಗೆ ಮೆಟ್ಟಿಲ ಮೇಲೆ ದಬ್ ದಬ್ ಎಂದು ಏನೋ ಉರುಳಿಸಿಕೊಂಡು ಬರುವ ಶಬ್ದ. ಹೊರಗೆ ಓಡಿದೆ. ಕ್ಯಾನ್ವಾಸಿನ ಚೀಲ ಎಳೆದುಕೊಂಡು ಇಳಿಯುತ್ತಿದ್ದಳು, ಕಂಕುಳಲ್ಲಿ ಕಂಪ್ಯೂಟರು, ಕಾಲಲ್ಲಿ ಎರಡು ಬೇರೆ ಬೇರೆ ಚಪ್ಪಲಿ.

"ಎಲ್ಲಿಗೆ?"

"ಬೀಗದ ಕೈ ಬಾಗಿಲಲ್ಲೇ ಇದೆ ಅಮ್ಮ. ದಾರಿ ಬಿಡಿ."

"ಬಿಡ್ತೀನಿ. ಮೊದಲು ಏನಾಯ್ತು ಹೇಳು."

ಅವಳು ಕೆಳಗಿನಿಂದ ಮೂರನೇ ಮೆಟ್ಟಿಲ ಮೇಲೆ ಕುಸಿದಳು. ಕೋಣೆ ಬೇರೆ ಬೇರೆ ಮಾಡಿದ್ದಳಲ್ಲ, ಅದರಲ್ಲಿ ತಪ್ಪಿರಲಿಲ್ಲ. ಆದರೆ ಪ್ರತಿ ಕೋಣೆಯಲ್ಲೂ, ಪಟ್ಟಿ ಎಲ್ಲಿದೆ ಎಂಬ ವಿಳಾಸ ಬರೆದಿಟ್ಟ ಒಂದು ಚೀಟಿ ಇರುತ್ತದಂತೆ. ಶನಿವಾರ ನಿಜವಾದ ಪಟ್ಟಿಯನ್ನೇ ನೋಡಬೇಕೆಂದು ಕೆಂಪು ಕೋಣೆಯ ಚೀಟಿಯಲ್ಲಿ ಕೇಂದ್ರದ ವಿಳಾಸ ಹಾಕಿದ್ದಳು. ಇವತ್ತು ಅವಸರದಲ್ಲಿ ಆ ಚೀಟಿಯನ್ನೇ ಹಸಿರು ಕೋಣೆಗೂ ನಕಲು ಮಾಡಿದಳು. ಹೊಸ ಚೌಕಟ್ಟು ಕಣ್ಣುಬಿಟ್ಟ ಕೂಡಲೇ ಪಟ್ಟಿಯನ್ನು ತನ್ನ ಅಳತೆಗೆ ತಿದ್ದಿಕೊಂಡಿತು. ಅಭ್ಯಾಸಕ್ಕೆಂದು ಇಟ್ಟುಕೊಂಡ ನಕಲನ್ನಲ್ಲ, ಕೇಂದ್ರದ ನಿಜವಾದ ಪಟ್ಟಿಯನ್ನು. ಹೆಸರುಗಳು ಉಳಿದವು. ದಿನ, ಗಂಟೆ, ಕುರ್ಚಿ ಮೂರೂ ಅಳಿಸಿಹೋದವು. ಹಳೆಯ ಪುಟವೋ, ಈ ತಿದ್ದಿದ ಪಟ್ಟಿ ತನ್ನದಲ್ಲವೆಂದು ಮುಖ ತಿರುಗಿಸಿತು.

"ಕತ್ತರಿ ಎರಡು ಇಟ್ಟೆ ಅಮ್ಮ. ಬಟ್ಟೆ ಒಂದೇ ಅನ್ನೋದನ್ನ ನೋಡ್ಲಿಲ್ಲ."

"ಬೇರೆ ಎಲ್ಲೂ ಬರೆದಿಟ್ಟಿಲ್ವಾ?"

"ಹನ್ನೆರಡು ದಿನದ ಹಿಂದಿಂದು ಒಂದಿದೆ. ಆಮೇಲೆ ಅರ್ಧಕ್ಕರ್ಧ ಸರದಿ ಬದಲಾಗಿವೆ. ನಾಳೆ ಬೆಳಿಗ್ಗೆ ಏಳಕ್ಕೆ ಮೊದಲ ಗುಂಪು ಬರತ್ತೆ. ನನ್ನ ಬಿಡಿ ಅಮ್ಮ, ನನ್ನ ಕೈಲಾಗಲ್ಲ."

ನನಗೆ ಸಿಟ್ಟು ನೆತ್ತಿಗೇರಿತು. "ಹೋಗೋದಾದ್ರೆ ಹೋಗು, ನಾನ್ಯಾಕೆ ಹಿಡ್ಕೊಳ್ಲಿ! ನಾಳೆ ಏಳಕ್ಕೆ ಬರೋ ಜನಕ್ಕೆ ನಾನು ಹೋಗಿ ಏನು ಹೇಳ್ಲಿ, ಅದನ್ನ ಹೇಳ್ಕೊಟ್ಟು ಹೋಗು. ಯಾರೋ ಸರಿ ಮಾಡ್ತಾರೆ ಅಂದ್ಯಲ್ಲ, ಆ ಯಾರೋ ಎಲ್ಲಿದಾನೆ, ವಿಳಾಸ ಕೊಡು."

ಆಗ ನಾದಿನಿ ಬಾಗಿಲಿಂದ ತಲೆ ಹಾಕಿದಳು. "ಪಟ್ಟಿ ಅಂದ್ರೆ, ಸಾಲು ಸಾಲಾಗಿ ಗೀಟು ಹಾಕಿದ್ಯಲ್ಲ, ಆ ನಾಲ್ಕು ಹಾಳೇನಾ?"

ಮೇಲಿನವಳು ತಲೆ ಎತ್ತಿದಳು. "ಹೌದು ಚಿಕ್ಕಮ್ಮ! ನಿನ್ನೆ ಕೊಟ್ನಲ್ಲ! ಎಲ್ಲಿದೆ?"

ನಾದಿನಿ ನನ್ನ ಮುಖ ನೋಡಿದಳು. ಬೆಳಿಗ್ಗೆ ಎದ್ದವಳೇ ಆ ನಾಲ್ಕನ್ನೂ ಅಂಟಿಸಿ, ಒಂದು ಬೆನ್ನು, ಎರಡು ತೋಳು ಕತ್ತರಿಸಿ ಮುಗಿಸಿದ್ದೆ.

ಆಮೇಲೆ ನಡೆದದ್ದನ್ನು ನೆನೆದರೆ ಈಗ ನಗು ಬರುತ್ತದೆ. ಮೇಜಿನ ಮೇಲಿನ ಬಟ್ಟೆಯನ್ನೆಲ್ಲ ಕೆಳಗೆ ತಳ್ಳಿದೆವು. ಕಾಗದದ ಬೆನ್ನನ್ನು ನಡುವೆ ಬೋರಲಾಗಿ ಹಾಸಿ, ತೋಳುಗಳನ್ನು ಅವು ಕತ್ತರಿಸಿ ಬಂದ ಜಾಗಕ್ಕೇ ಕೂಡಿಸಿದೆವು. ಚಿಂದಿಯ ಮೂಟೆಯನ್ನು ನಾದಿನಿ ನೆಲಕ್ಕೆ ಸುರಿದು, ಕೂತು, ಒಂದೊಂದೇ ಕಾಗದದ ಚೂರು ಆರಿಸಿ ಕೊಟ್ಟಳು. ಕತ್ತರಿ ಹಾಕಿದ ಕೈ ನನ್ನದೇ, ಯಾವ ಚೂರು ಯಾವ ಬಳುಕಿಗೆ ಸೇರುತ್ತದೆಂದು ನನಗೆ ನೋಡಿದರೇ ಗೊತ್ತು. ಗುಂಡುಪಿನ್ನು ಚುಚ್ಚುತ್ತಾ ಹೋದೆ. ಕಂಕುಳ ಹತ್ತಿರ ಪಟ್ಟಿಯಲ್ಲಿದ್ದ ಒಬ್ಬ ಮೇಷ್ಟ್ರು ಸಿಕ್ಕಿದರು, ತೋಳಿನ ತುದಿಯಲ್ಲಿ ತಾಯಿ ಮಗಳಿಬ್ಬರೂ ಸಿಕ್ಕಿದರು.

ಅಷ್ಟರಲ್ಲಿ ಅವಳು ಬಾಗಿಲಿಗೂ ಮೇಜಿಗೂ ಸುತ್ತುತ್ತಿದ್ದಳು, ಒಂದು ಕಣ್ಣು ಚೀಲದ ಮೇಲೆ.

"ಕೂತ್ಕೋ" ಎಂದೆ.

"ಕೂತ್ರೆ ಕೈ ಓಡಲ್ಲ ಅಮ್ಮ."

ನಾನು ನನ್ನ ಹೊಲಿಗೆ ಯಂತ್ರದ ಬೆಲ್ಟು ಕಳಚಿದೆ. ಅವಳನ್ನು ಭುಜ ಹಿಡಿದು ನನ್ನ ಕುರ್ಚಿಯಲ್ಲಿ ಕೂರಿಸಿ, ಕಂಪ್ಯೂಟರನ್ನು ಯಂತ್ರದ ಹಲಗೆಯ ಮೇಲೆ ಇಟ್ಟು, ಕಾಲನ್ನು ಪೆಡಲಿನ ಮೇಲಿಟ್ಟೆ. "ಎಷ್ಟು ಬೇಕೋ ತುಳಿ. ಎಲ್ಲಿಗೂ ಹೋಗಲ್ಲ, ಏನೂ ಹರಿಯಲ್ಲ."

ಐದು ಗಂಟೆ ತುಳಿದಳು ಪುಣ್ಯಾತ್ಗಿತ್ತಿ. ಖಾಲಿ ಚಕ್ರ ಗಿರ್ರೆಂದು ತಿರುಗುತ್ತಲೇ ಇತ್ತು. ನಾನು ಕನ್ನಡಕ ಮೂಗಿನ ತುದಿಗೆ ಜಾರಿಸಿಕೊಂಡು ಓದಿದೆ. ಹೆಸರುಗಳಲ್ಲಿ ತಡವರಿಸಿದರೂ ಅಂಕಿಯಲ್ಲಿ ನಾನು ಟೇಪು ಹಿಡಿದು ಪಳಗಿದವಳು. "ಹನ್ನೊಂದನೇ ಸಾಲು. ಮಂಗಳವಾರ, ಗುರುವಾರ, ಶನಿವಾರ. ಏಳು ಗಂಟೆ. ಎರಡನೇ ಕುರ್ಚಿ." ಅವಳು ಹನ್ನೆರಡು ದಿನದ ಹಿಂದಿನ ಪಟ್ಟಿಯಲ್ಲಿ ಆ ಸಾಲು ತಿದ್ದಿ, "ಆಯ್ತು" ಎನ್ನುವಳು. ನಾನು ಮುಂದಿನದು.

ಹದಿನೇಳಕ್ಕೆ ಬಂದು ನಿಂತೆವು. ಹೆಸರಿತ್ತು, ಅದರ ಮುಂದೆ ತೂತು. ಬೆನ್ನಿನ ಕೊರಳು ಕತ್ತರಿಸಿದ ಜಾಗ ಅದು, ಅರ್ಧಚಂದ್ರದಂಥ ಚೂರು. ಮೂಟೆಯಲ್ಲಿಲ್ಲ, ಮೇಜಿನಡಿ ಇಲ್ಲ, ಕಸದ ಬುಟ್ಟಿಯಲ್ಲೂ ಇಲ್ಲ. ಉಳಿದ ನಲವತ್ತೊಂದು ಸಾಲು ಮುಗಿದರೂ ಅದು ಸಿಗಲಿಲ್ಲ.

"ಈಗ ಕೇಂದ್ರಕ್ಕೆ ಫೋನ್ ಮಾಡ್ಬೇಕು" ಎಂದೆ.

ಚಕ್ರ ನಿಂತಿತು. ಅವಳು ಚೀಲ ನೋಡಿದಳು. ನಾನೂ ನೋಡಿದೆ. ನಾದಿನಿ ಹೋಗಿ ಅದರ ಮೇಲೆ ಕೂತುಬಿಟ್ಟಳು, ಎಪ್ಪತ್ತು ಕೇಜಿ. "ಮಾಡಮ್ಮಾ" ಎಂದಳು.

ಮಾಡಿದಳು. ಕೇಂದ್ರದ ದೊಡ್ಡ ನರ್ಸಿಗೆ ಮೊದಲಿಂದ ಕೊನೆವರೆಗೂ, ಒಂದನ್ನೂ ಬಿಡದೆ ಹೇಳಿದಳು. ಆ ಕಡೆಯಿಂದ ಬಂದ ಬೈಗುಳ ನಮಗೂ ಕೇಳಿಸುತ್ತಿತ್ತು. "ಕಾಯಿಲೆಯವರ ಪಟ್ಟೀನ ಮಕ್ಕಳ ಅಂಗಿ ತೋಳಿಗೆ ಕೊಟ್ರಾ? ಬುದ್ಧಿ ಇದೆಯೇನ್ರೀ ನಿಮಗೆ?" ಇವಳು "ತಪ್ಪಾಯ್ತು" ಎಂದಳು, ಫೋನು ಇಡಲಿಲ್ಲ. ಕೊನೆಗೆ ನರ್ಸಮ್ಮ ಉಸಿರುಬಿಟ್ಟು, ಹದಿನೇಳನೆಯವನ ಸರದಿ ಶುಕ್ರವಾರವಷ್ಟೇ ಬದಲಾಗಿದೆ, ಬದಲಾಯಿಸಿದ ಹುಡುಗಿ ರಜೆಯಲ್ಲಿದ್ದಾಳೆ, ಅವನನ್ನೇ ಕೇಳಿ ಎಂದು ನಂಬರು ಕೊಟ್ಟರು.

ಅವನು ನಿವೃತ್ತ ಬಸ್ ಡ್ರೈವರು. ದನಿಯೇ ಹಾರ್ನಿನ ಹಾಗೆ.

"ನಂದಾ? ಸೋಮವಾರ, ಬುಧವಾರ, ಶುಕ್ರವಾರ. ಬೆಳಿಗ್ಗೆ ಏಳು. ನಾಲ್ಕನೇ ಕುರ್ಚಿ. ಕಿಟಕಿ ಪಕ್ಕದ್ದು."

ಅವಳು ಪಟ್ಟಿ ನೋಡಿದಳು. ನಾಲ್ಕನೇ ಕುರ್ಚಿ ಆ ಹೊತ್ತಿಗೆ ಖಾಲಿಯೇ ಇತ್ತು. ಬರೆದಳು. ಸಂಜೆ ಆರೂವರೆಗೆ ಕೆಂಪು ಕೋಣೆಯ ಹಳೆಯ ಪುಟ ಮತ್ತೆ ತೆರೆದುಕೊಂಡಿತು, ನಲವತ್ತೆರಡೂ ಸಾಲು ತುಂಬಿಕೊಂಡು. ನರ್ಸಮ್ಮ ತಮ್ಮ ಕಡೆಯಿಂದ ತೆರೆದು ನೋಡಿ "ಕಾಣಿಸ್ತಿದೆ" ಎಂದಷ್ಟೇ ಹೇಳಿದರು. ಸೋಮವಾರ ಏಳಕ್ಕೆ ಅವಳು ಕೇಂದ್ರದ ಬಾಗಿಲಲ್ಲಿ ನಿಂತಿದ್ದಳು. ಒಬ್ಬರ ಸರದಿಯೂ ತಪ್ಪಲಿಲ್ಲ ಎಂದು ಬಂದು ಹೇಳಿದಾಗಲೂ ಅವಳ ಕಾಲು ನಿಂತಲ್ಲೇ ತುಳಿಯುತ್ತಿತ್ತು.

ಕಾಗದದ ಅರ್ಧಚಂದ್ರ ಗುರುವಾರ ಸಿಕ್ಕಿತು, ನಾದಿನಿಯ ಚಪ್ಪಲಿಯ ಅಡಿಗೆ ಅಂಟು ಮೆತ್ತಿಕೊಂಡು. ಹದಿನೇಳು: ಸೋಮ, ಬುಧ, ಶುಕ್ರ. ಹನ್ನೊಂದು ಗಂಟೆ. ಒಂದನೇ ಕುರ್ಚಿ, ಅಂದರೆ ಬಾಗಿಲ ಪಕ್ಕದ್ದು, ಎಲ್ಲರೂ ತಾಕಿಕೊಂಡು ಹೋಗುವ ಜಾಗ.

"ಕಳ್ಳ ಮುದುಕ!" ಎಂದಳು ನಾದಿನಿ.

ಮೇಲಿನವಳು ತಕ್ಷಣ ಫೋನು ಮಾಡಿದಳು. ಡ್ರೈವರು ಒಂದಿಷ್ಟೂ ನಾಚಲಿಲ್ಲ. "ಇಪ್ಪತ್ತೆಂಟು ವರ್ಷ ಕಿಟಕಿ ಪಕ್ಕ ಕೂತು ಬಸ್ಸು ಓಡ್ಸಿದವನು ಕಣಮ್ಮಾ ನಾನು. ನಾಲ್ಕು ಗಂಟೆ ಹೊತ್ತು ಬಾಗಿಲಲ್ಲಿ ಕೂರು ಅಂದ್ರೆ ಹೆಂಗೆ? ನೀನಾಗಿ ಕೇಳ್ದೆ, ನಾನು ಹೇಳ್ದೆ." ನರ್ಸಮ್ಮನಿಗೂ ಅವಳೇ ತಿಳಿಸಿದಳು. ಅವರು, ಮೂರು ವರ್ಷದಲ್ಲಿ ಮೊದಲ ಸಲ ಆ ಮನುಷ್ಯ ಗೊಣಗದೆ ಕೂತಿದ್ದಾನೆ, ಇರಲಿ ಬಿಡಿ ಎಂದರಂತೆ.

ಹೊಸ ಚೌಕಟ್ಟಿಗೆ ಪುಟ ಏರಿದ್ದು ಐದು ವಾರದ ಮೇಲೆ. ಈ ಸಲ ಚೀಟಿಗಳೂ ಬೇರೆ, ಪಟ್ಟಿಯ ನಕಲುಗಳೂ ಬೇರೆ. ಪ್ರತಿ ಸಲ ಗುಂಡಿ ಒತ್ತುವ ಮುಂಚೆ ನನ್ನನ್ನು ಮೇಲೆ ಕೂಗಿ, "ಅಮ್ಮ, ಬಟ್ಟೆ ಬೇರೆ ಬೇರೆ ಇದೆಯಾ ನೋಡಿ" ಎನ್ನುತ್ತಿದ್ದಳು. ನನಗೆ ಅದರಲ್ಲಿ ಏನು ಕಾಣುತ್ತದೆ? ಆದರೂ ಹತ್ತಿಹೋಗಿ, ಬಣ್ಣ ನೋಡಿ, ಹೂಂ ಎಂದು ಇಳಿಯುತ್ತಿದ್ದೆ. ಅಚ್ಚು ಹಾಕಿದ ಹಾಳೆಗಳನ್ನು ಈಗ ಹರಿದು ನೆನೆಸಿ ಮುದ್ದೆ ಮಾಡುತ್ತಾಳೆ, ನನಗೆ ಅಂಗಡಿಯ ಕಂದು ಕಾಗದವೇ ಗತಿ. ಕೆಂಪು ಕೋಣೆಯನ್ನು ಮಾತ್ರ ಇನ್ನೂ ಅಳಿಸಿಲ್ಲ. ಕೇಳಿದರೆ, "ಇರ್ಲಿ ಅಮ್ಮ, ಊಟ ಕೇಳತ್ತಾ?" ಎನ್ನುತ್ತಾಳೆ.

ಇದೆಲ್ಲ ಆಗಿ ಎರಡು ವರ್ಷ. ಮೇಲೆ ಒಂಬತ್ತು ಹೆಜ್ಜೆ ನಡೆಯುತ್ತಲೇ ಇದೆ. ಅವಳ ಅಂಗಿಗಳು ಒಂದೊಂದಾಗಿ ಬೀರು ಸೇರಿದವು, ನಾವು ನೋಡಿಯೂ ನೋಡದ ಹಾಗಿದ್ದೆವು. ಕಳೆದ ವಾರ ಅವಳು ಆ ಕ್ಯಾನ್ವಾಸಿನ ಚೀಲ ಹಿಡಿದು ಕೆಳಗೆ ಬಂದಳು. ನಾದಿನಿ ಆಗಲೇ ಅದರ ಮೇಲೆ ಕೂರಲು ಎದ್ದಿದ್ದಳು. ಚೀಲ ಖಾಲಿ ಇತ್ತು, ಗಾಳಿಯಿಲ್ಲದ ಬಲೂನಿನ ಹಾಗೆ ಜೋತುಬಿದ್ದಿತ್ತು.

"ಅಮ್ಮ, ಇದನ್ನ ಕುರ್ಚಿಗೆ ಒಂದು ಮೆತ್ತೆ ಮಾಡಿ ಕೊಡ್ತೀರಾ? ಒಳಗೆ ನಿಮ್ಮ ಚಿಂದಿ ತುಂಬಿ. ಆ ಕುರ್ಚಿ ತುಂಬಾ ಗಟ್ಟಿ, ಕೂರೋಕಾಗಲ್ಲ."

ನಾನು ಟೇಪು ತೆಗೆದು ಅಳೆದೆ. ಕೈಹಿಡಿಗಳನ್ನು ಕತ್ತರಿಸಲೆಂದು ಕತ್ತರಿ ಎತ್ತಿದೆ. ಅವಳು ನನ್ನ ಮಣಿಕಟ್ಟು ಹಿಡಿದಳು.

"ಕತ್ತರಿಸ್ಬೇಡಿ ಅಮ್ಮ. ಒಳಗೆ ಮಡಚಿ ದೊಡ್ಡ ಹೊಲಿಗೆ ಹಾಕಿ. ಜಿಪ್ಪೂ ಹಾಗೇ ಇರ್ಲಿ. ಬೇಕಾದ್ರೆ ಬಿಚ್ಚೋ ಹಾಗೆ ಹೊಲೀರಿ."